ಇಸ್ಕೂಲಿನ ಬಾಗಿಲು, ಪಾಠದ ಬಾಗಿಲು

ನಾಗಲಮಡಿಕೆ ಉತ್ತರ ಪಿನಾಕಿನಿ ದಡದ ಊರು. ನಮ್ಮ ಪಾವಗಡ ತಾಲ್ಲೂಕಿನ ಮೂರು ಕಡೆಗೂ ಆಂಧ್ರ. ಇಲ್ಲಿ ಕೇರಿಯ ಎಷ್ಟೋ ಮಕ್ಕಳು ಅಳೋದು, ಜಗಳ ಆಡೋದು, ಹಾಡೋದು ತೆಲುಗಿನಲ್ಲಿ. ಪರೀಕ್ಷೆ ಬರೆಯೋದು ಮಾತ್ರ ಪುಸ್ತಕದ ಕನ್ನಡದಲ್ಲಿ. ಈ ದೂರಕ್ಕೂ ಒಂದು ಚರಿತ್ರೆಯಿದೆ.

1915ರಲ್ಲಿ ಮೈಸೂರು ಸರ್ಕಾರ, ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡಬಾರದೆಂದು ಆಜ್ಞೆ ಮಾಡಿತು. ಪಾವಗಡವೂ ಆಗ ಮೈಸೂರು ಸೀಮೆಯೇ. ಇಸ್ಕೂಲಿನ ಬಾಗಿಲೇನೋ ತೆರೆಯಿತು. ಒಳಗೆ ಹೋಗಿ ಪುಸ್ತಕ ತೆರೆದರೆ ಅದರಲ್ಲಿ ನಾವಿರಲಿಲ್ಲ. ನಮ್ಮ ತಮಟೆ, ನಮ್ಮ ಹಸಿವು, ನಮ್ಮ ನುಡಿ ಯಾವುದೂ ಇರಲಿಲ್ಲ.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ ಎಂಬರ್ಥದ ಮಾತಾಡಿದರು. ನಾಡಿಗೆ ಬೆಂಕಿ ಬಿತ್ತು. ಏಟು ತಿಂದವರು ದಲಿತ ಹುಡುಗರು. ಮಂತ್ರಿಗಿರಿ ಹೋದದ್ದು ಬಸವಲಿಂಗಪ್ಪನವರದು. ಸಾಹಿತ್ಯವನ್ನು ಓದಬಹುದು, ಪ್ರಶ್ನಿಸಬಾರದು ಎಂಬ ಅಲಿಖಿತ ಕಾನೂನು ಅಂದು ಬಯಲಾಯಿತು.

ಆ ಪೆಟ್ಟಿನಿಂದಲೇ ನಮ್ಮ ಬರಹ ಗಟ್ಟಿಯಾಯಿತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗವಿಲ್ಲ ಅಂದಾಗ, 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಬೇರೆಯೇ ಸೇರಿದರು. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಸೀಮೆಯ ಆಡುಮಾತನ್ನೇ ಕಾವ್ಯ ಮಾಡಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೇರಿಯ ಮಾತು ಅಕ್ಷರಕ್ಕೆ ಒಗ್ಗೋದಿಲ್ಲ ಅನ್ನುವವರ ಬಾಯಿ ಅಲ್ಲಿಗೆ ಮುಚ್ಚಬೇಕಿತ್ತು.

ಮುಚ್ಚಲಿಲ್ಲ. 2022ರಲ್ಲಿ ಪಠ್ಯ ಪರಿಷ್ಕರಣೆಯನ್ನು ವಿರೋಧಿಸಿ, ಹತ್ತನೇ ತರಗತಿಯಲ್ಲಿದ್ದ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನು ಮಹಾದೇವರೇ ಹಿಂದಕ್ಕೆ ಪಡೆದರು. ಪಾಠವನ್ನು ಒಳಗೆ ಬಿಡುವವರು, ಹೊರಗೆ ಹಾಕುವವರು ಎಲ್ಲೋ ಕೂತಿರುವ ತನಕ, ನಮ್ಮವರದೊಂದು ಪಾಠ ಸೇರಿದ ಮಾತ್ರಕ್ಕೆ ಪುಸ್ತಕ ನಮ್ಮದಾಗೋದಿಲ್ಲ.

ಹಾಗಾದರೆ ಏನು ಮಾಡಬೇಕು? ನಂಜನಗೂಡಿನ ಮಾತು ಪುಸ್ತಕವಾದರೆ ನಾಗಲಮಡಿಕೆಯ ಮಾತೂ ಆಗಬಲ್ಲದು. ಅಜ್ಜಿಯ ಕತೆಯನ್ನು ಮಗು ಅಜ್ಜಿಯ ಮಾತಲ್ಲೇ, ತೆಲುಗು ಬೆರೆತರೆ ಬೆರೆಯಲಿ, ಬರೆಯಲಿ. ತರಗತಿ ಅದನ್ನು ಪಾಠವೆಂದು ಓದಲಿ. ಮೇಷ್ಟ್ರ ಕೆಂಪು ಶಾಯಿ ಅಷ್ಟು ಹೊತ್ತು ಸುಮ್ಮನಿರಲಿ. ಶಿಷ್ಟ ಕನ್ನಡ ಬೇಡ ಅಂತಲ್ಲ. ಅರ್ಜಿಗೆ, ನೌಕರಿಗೆ, ಕೋರ್ಟಿಗೆ ಅದು ಬೇಕೇ ಬೇಕು. ಆದರೆ ಅದನ್ನು ಕಲಿಯೋಕೆ ಮಗು ಅವ್ವನ ಮಾತಿಗೆ ನಾಚಬೇಕಾಗಿಲ್ಲ.

ಓದುವ ಹಕ್ಕು ಅರ್ಧ ಹಕ್ಕು. ಬರೆಯುವ ಹಕ್ಕು ಸೇರಿದರೇ ಅದು ಪೂರಾ. ಉಳಿದರ್ಧವನ್ನು ನಾವು ಕೇಳುತ್ತಿದ್ದೇವೆ.