ನೆಲದಡಿಯ ಕೊಳವೆ, ಕೈಗೆ ಸಿಗದ ಕಾಗದ

ಅನಿಲ ಕೊಳವೆಗೆ ತಕರಾರು ತೆಗೆಯುವವರೆಲ್ಲ ಗಾಳಿಸುದ್ದಿ ನಂಬಿದವರು ಎಂಬ ಮಾತು ಈಚೆಗೆ ಸಭೆಗಳಲ್ಲಿ ಸಲೀಸಾಗಿ ಓಡಾಡುತ್ತಿದೆ. ತುಂಗೆ-ಭದ್ರೆಯರ ದಡದಲ್ಲಿ ನಾಲ್ಕು ದಶಕ ಕರಪತ್ರ ಹಂಚಿದ ನನಗೆ ಇದು ನಮ್ಮ ಹೋರಾಟಗಳ ಬಗ್ಗೆ ಏನೂ ಓದದವರ ಮಾತು ಅನ್ನಿಸುತ್ತದೆ. ನಾನು ಕಂಡ ಚಳವಳಿಗಳೆಲ್ಲ 'ಬೇಡ' ಎನ್ನುವ ಮೊದಲು 'ಕಾಗದ ತೋರಿಸಿ' ಎಂದಿದ್ದವು.

ಆರಂಭದಲ್ಲಿ ಅದನ್ನೂ ಕೇಳುವವರಿರಲಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿತು, 1936ರಲ್ಲಿ ಕಾಗದದ ಕಂಪನಿ ಹುಟ್ಟಿತು, 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಮುಳುಗಿದವರ ಪರವಾಗಿ ಬರೆಯಲು ಕಾದಂಬರಿಕಾರ ನಾ. ಡಿಸೋಜ ಬರಬೇಕಾಯಿತು.

ಕೇಳುವುದನ್ನು ಕಲಿತದ್ದು ನಮ್ಮ ತಲೆಮಾರು. ಹರಿಹರದ ಕಾರ್ಖಾನೆಯ ಕೆಳಗೆ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದ ಹೊತ್ತಿಗೇ, 1984ರಲ್ಲಿ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹುಟ್ಟಿತು. ಅದೇ ಕಾಲಕ್ಕೆ ಸರ್ಕಾರ ಮತ್ತು ಆ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಊರ ಗೋಮಾಳಗಳಿಗೆ ನೀಲಗಿರಿ ಹಾಕಲು ಹೊರಟವು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂಬ ಆ ಹೆಸರೇ ಒಂದು ಪಾಠ. 1991ರಲ್ಲಿ ಕಂಪನಿ ಮುಚ್ಚಿತು. ಘೋಷಣೆಗಿಂತ ಒಪ್ಪಂದದ ಷರತ್ತು ಓದುವುದು ಮುಖ್ಯ ಎಂದು ನಮಗೆ ಕಲಿಸಿದ್ದು ಆ ಹೋರಾಟವೇ. ಭದ್ರೆಗೆ ಹೂಳು ತುಂಬುತ್ತಿದ್ದ ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತದ್ದೂ ದಾಖಲೆಗಳ ಬಲದಿಂದಲೇ.

ಅನಿಲ ಬಂದದ್ದು ಇದರ ನಂತರ. ದಾಭೋಲ್-ಬೆಂಗಳೂರು ಕೊಳವೆ 2013ರಲ್ಲಿ ಪಕ್ಕದ ದಾವಣಗೆರೆ, ಚಿತ್ರದುರ್ಗಗಳನ್ನು ಹಾದುಹೋಯಿತು. ನಮ್ಮ ಪತ್ರಿಕೆಗಳು ಏಳಲೇ ಇಲ್ಲ. 2014ರ ಜೂನ್ 27ರಂದು ಆಂಧ್ರದ ನಗರಂನಲ್ಲಿ ಕೊಳವೆ ಸಿಡಿದು ಜನ ಬೆಂದ ಮೇಲೆ ಕೊಳವೆ ದಾರಿಯ ಹಳದಿ ಗುರುತುಕಂಬಗಳತ್ತ ಎಲ್ಲರ ಕಣ್ಣು ಹೋಯಿತು. 450 ಕಿಲೋಮೀಟರಿನ ಕೊಚ್ಚಿ-ಮಂಗಳೂರು ಕೊಳವೆಗೆ 2017ರಲ್ಲಿ ಕೋಝಿಕ್ಕೋಡಿನ ಮುಕ್ಕಂನಲ್ಲಿ ಜನ ಬೀದಿಗಿಳಿದರು. ಕಾಸರಗೋಡಿನ ಚಂದ್ರಗಿರಿ ಹೊಳೆಯ ತಳ ಕೊರೆಯುವ ಕೆಲಸ ಕೊನೆಯವರೆಗೂ ಸತಾಯಿಸಿ, 2021ರ ಜನವರಿ 5ರಂದು ಆ ಕೊಳವೆ ಉದ್ಘಾಟನೆಯಾಯಿತು.

ಈ ಕೊಳವೆಗಳ ಅಧಿಸೂಚನೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಊರು, ಸರ್ವೆ ನಂಬರು, ಹೆಕ್ಟೇರು, ಆರ್, ಚದರ ಮೀಟರು. ಇರುವೆ ಸಾಲಿನಂಥ ಅಂಕಿ. ಆಕ್ಷೇಪಣೆಗೆ 21 ದಿನ. 1962ರ ಕೊಳವೆ ಕಾಯ್ದೆಯ ಪ್ರಕಾರ ಜಮೀನು ನಿಮ್ಮದೇ. ಆದರೆ ಕೊಳವೆಯ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆ ತೋಟದವನಿಗೆ ಇದರರ್ಥ ಬಿಡಿಸಿ ಹೇಳಬೇಕಿಲ್ಲ. ಹೊಳೆಯ ತಳದಿಂದ ಕೊಳವೆ ಎಷ್ಟು ಆಳ, ಪ್ರವಾಹದಲ್ಲಿ ಎಷ್ಟು ಮಣ್ಣು ಕೊಚ್ಚೀತು ಎಂಬುದಕ್ಕೆ ಆ ಕೋಷ್ಟಕದಲ್ಲಿ ಜಾಗವಿಲ್ಲ. 2006ರ ಪರಿಸರ ಅಧಿಸೂಚನೆಯಂತೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹವಳದ ದಿಬ್ಬ, ಪರಿಸರಸೂಕ್ಷ್ಮ ಪ್ರದೇಶಗಳನ್ನು ಹಾಯುವ ಕೊಳವೆಗಷ್ಟೇ ಪರಿಸರ ಅನುಮತಿ ಬೇಕು. ಉಳಿದೆಡೆ ಅಹವಾಲು ಸಭೆಯೂ ಇಲ್ಲ.

ನೀರಿನ ಕೊಳವೆಯ ಕತೆ ಬೇರೆ. ಶರಾವತಿಯನ್ನು ಬೆಂಗಳೂರಿಗೆ ಒಯ್ಯಲು ಯೋಜನಾ ವರದಿ ತಯಾರಿಸುವ ಸೂಚನೆ ಹೊರಬಿದ್ದದ್ದೇ ತಡ, 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಮುಂಚೂಣಿಯಲ್ಲಿ ಮತ್ತೆ ಡಿಸೋಜ ಇದ್ದರು. ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಅಹವಾಲು ಸಭೆಯಾದರೂ ನಡೆಯಿತು. ಬೈಯಲಿಕ್ಕಾದರೂ ಮೈಕು ಸಿಕ್ಕಿತು.

ಶರಾವತಿಯ ಬಗ್ಗೆ ಇಷ್ಟು ಬರೆದ ನಾವು ಭದ್ರಾವತಿಯ ಬಗ್ಗೆ ಬರೆದದ್ದು ಕಡಿಮೆ. ಊರಿನ ಅರ್ಧ ಒಲೆ ಕಾರ್ಖಾನೆಯಿಂದಲೇ ಉರಿಯುತ್ತಿದ್ದಾಗ ನೀರಿನ ಬಣ್ಣ ಕೇಳುವವರು ಯಾರು? ಕಾಗದ ಮಾಡಿದ ಊರಲ್ಲೇ ಕಾಗದ ಉಳಿದಿಲ್ಲ. ಕಾಗದನಗರ, ನ್ಯೂಟೌನಿನ ಮನೆಗಳ ಅಟ್ಟದಲ್ಲಿ ಹಳೆಯ ಕರಪತ್ರ, ಅರ್ಜಿಯ ನಕಲು, ನೀರಿನ ಪರೀಕ್ಷೆಯ ಚೀಟಿ ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.