ಮಹಾಯುದ್ಧದ ಬಣ್ಣ

1914-18ರ ಮಹಾಯುದ್ಧವೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಬೂದುಬಣ್ಣದ ಲೋಕ. ಆ ಬೂದುಬಣ್ಣವು ಯುದ್ಧದ್ದಲ್ಲ, ಛಾಯಾಚಿತ್ರದ್ದು. ಅಂದಿನ ಆಕಾಶವೂ ನೀಲಿಯಾಗಿಯೇ ಇದ್ದಿತು. ನೆತ್ತರೂ ಕೆಂಪಾಗಿಯೇ ಇದ್ದಿತು.

ಫ್ರಾನ್ಸಿನ ಲ್ಯುಮಿಯೇರ್ ಸಹೋದರರು 1907ರಲ್ಲಿಯೇ ಆಟೋಕ್ರೋಮ್ ಎಂಬ ಗಾಜಿನ ವರ್ಣಫಲಕಗಳನ್ನು ಮಾರಾಟಕ್ಕೆ ತಂದಿದ್ದರು. ಆಲೂಗೆಡ್ಡೆಯ ಹಿಟ್ಟಿನ ಅತಿಸೂಕ್ಷ್ಮ ಕಣಗಳಿಗೆ ಕಿತ್ತಳೆ, ಹಸುರು, ನೇರಿಳೆ ಬಣ್ಣಗಳನ್ನು ಹಾಕಿ ಗಾಜಿನ ಮೇಲೆ ಹರಡುವುದೇ ಇದರ ಕ್ರಮ. 1917ರಲ್ಲಿ ಪಾಲ್ ಕಾಸ್ಟೆಲ್ನೋ, ಫರ್ನಾಂ ಕ್ಯುವಿಲ್ ಎಂಬವರು ಫ್ರೆಂಚ್ ಸೇನೆಯ ಛಾಯಾಚಿತ್ರ ವಿಭಾಗಕ್ಕಾಗಿ ಇಂತಹ ಫಲಕಗಳ ಮೇಲೆ ಚಿತ್ರಗಳನ್ನು ತೆಗೆದರು. ರೀಮ್ಸ್ ನಗರದ ಒಂದು ಚಿತ್ರದಲ್ಲಿ ಬಂದೂಕುಗಳ ಪಕ್ಕದಲ್ಲಿಯೇ ಪುಟ್ಟ ಬಾಲೆಯೊಬ್ಬಳು ಗೊಂಬೆಯೊಡನೆ ಕುಳಿತಿರುವಳು. ಇದನ್ನು ಕಂಡವರಿಗೆ ಆ ಕಾಲವು ಚರಿತ್ರೆಯ ದೂರವನ್ನು ತೊರೆದು ನೆರೆಮನೆಯಷ್ಟು ಸಮೀಪಕ್ಕೆ ಬರುವುದು.

ಆದರೂ ವಾಚಕರು ಒಂದನ್ನು ಮರೆಯಲಾಗದು. ಈ ಫಲಕಕ್ಕೆ ಬೆಳಕು ಹಲವು ಕ್ಷಣ ಬೀಳಬೇಕಾಗಿದ್ದಿತು. ಓಡುವ ಸೈನಿಕನನ್ನು ಅದು ಹಿಡಿಯಲಾರದು. ಆದಕಾರಣ ಇವುಗಳಲ್ಲಿ ವಿರಾಮವುಂಟು, ಪಾಳುಬಿದ್ದ ಮನೆಗಳುಂಟು, ಕದನವಿಲ್ಲ. ಮುಂದಿನವರು ಕಪ್ಪುಬಿಳುಪಿನ ಚಿತ್ರಗಳಿಗೆ ಹಚ್ಚಿದ ಬಣ್ಣವಾದರೋ ಬಹುಮಟ್ಟಿಗೆ ಊಹೆ. ಅದನ್ನು ಸಾಕ್ಷ್ಯವೆಂದು ಎಣಿಸಬಾರದು. ಬಣ್ಣವು ಸತ್ತವರನ್ನು ನಮ್ಮಂತಹ ಮನುಷ್ಯರೆಂದು ತಿಳಿಸುವುದು. ಅವರು ಪಟ್ಟ ಪಾಡನ್ನು ಅರಿಯಲು ಮಾತ್ರ ಬರೆಹವನ್ನೂ ಓದಬೇಕು.