ಪದ ಪರಿಚಯ: ನ್ಯಾನೋತಂತಿ

ನ್ಯಾನೋತಂತಿ (ನಾಮಪದ): ಕೆಲವು ಬ್ಯಾಕ್ಟೀರಿಯಾಗಳ ಮೈಯಿಂದ ಹೊರಚಾಚಿ ವಿದ್ಯುತ್ತನ್ನು ಸಾಗಿಸುವ ಪ್ರೋಟೀನಿನ ಎಳೆ.

ಮೂಲ: 'ನ್ಯಾನೋ' ಎಂಬುದು ಗ್ರೀಕಿನ 'ನಾನೋಸ್', ಅಂದರೆ ಕುಳ್ಳ ಎಂಬುದರಿಂದ ಬಂದದ್ದು, ಅಳತೆಯಲ್ಲಿ ನೂರು ಕೋಟಿಯಲ್ಲೊಂದು ಭಾಗ. 'ತಂತಿ' ಸಂಸ್ಕೃತದ 'ತಂತ್ರೀ'ಯ ತದ್ಭವ. ವೀಣೆಯ ತಂತಿ, ಬೇಲಿಯ ತಂತಿ, ಕರೆಂಟಿನ ತಂತಿ ಎಲ್ಲಕ್ಕೂ ಒಗ್ಗಿದ ಪದವಿದು. ಟೆಲಿಗ್ರಾಮಿಗೂ ನಾವು 'ತಂತಿ' ಎಂದೇ ಹೇಳುತ್ತಿದ್ದೆವು.

ವಿವರ: ಕೆಸರಿನಾಳದಲ್ಲಿ ಎಲೆಕ್ಟ್ರಾನುಗಳನ್ನು ಪಡೆದುಕೊಳ್ಳಲು ಆಮ್ಲಜನಕವಿಲ್ಲ. ಹಾಗಾಗಿ ಆಹಾರ ಕರಗಿಸಿದಾಗ ಉಳಿಯುವ ಎಲೆಕ್ಟ್ರಾನುಗಳನ್ನು ಜಿಯೋಬ್ಯಾಕ್ಟರ್ ಎಂಬ ಜೀವಿ ಈ ಎಳೆಗಳ ಮೂಲಕ ಹೊರಗಿನ ಕಬ್ಬಿಣದ ಆಕ್ಸೈಡಿಗೆ ದಾಟಿಸುತ್ತದೆ. ಅದಕ್ಕೆ ಅದೇ ಉಸಿರಾಟ. ಈ ಎಳೆಗಳು ವಿದ್ಯುದ್ವಾಹಕವೆಂದು 2005ರಲ್ಲಿ ವರದಿಯಾದಾಗ ಅವನ್ನು 'ಪಿಲೈ' ಎಂಬ ರೋಮಗಳೆಂದು ತಿಳಿಯಲಾಗಿತ್ತು. 2019ರಲ್ಲಿ ಯೇಲ್ ವಿಶ್ವವಿದ್ಯಾಲಯದ ನಿಖಿಲ್ ಮಾಲ್ವಣ್‌ಕರ್, ವರ್ಜಿನಿಯಾದ ಎಡ್ವರ್ಡ್ ಎಗೆಲ್‌ಮನ್ ಮತ್ತು ಸಂಗಡಿಗರು ಅವುಗಳ ರಚನೆ ಬಿಡಿಸಿದರು: ಅದು 'ಓಮ್‌ಸಿಎಸ್' ಎಂಬ ಪ್ರೋಟೀನುಗಳ ಸರಪಣಿ. ಪ್ರತಿ ಕೊಂಡಿಯಲ್ಲೂ ಕಬ್ಬಿಣ ಹೊತ್ತ 6 'ಹೀಮ್' ಅಣುಗಳು ಒತ್ತೊತ್ತಾಗಿ ಕೂತಿವೆ; ಎಲೆಕ್ಟ್ರಾನುಗಳು ಒಂದರಿಂದೊಂದಕ್ಕೆ ದಾಟುವುದು ಅವುಗಳ ಮೂಲಕ. ಎಳೆಯ ದಪ್ಪ ಸುಮಾರು 4 ನ್ಯಾನೋಮೀಟರ್.

ಬಳಕೆ: "ಪುತ್ತೂರು, ಸುಳ್ಯ, ಕಡಬದ ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ, ನೀರು ನಿಂತ ಬೈಲುಗದ್ದೆಯ ಕೆಸರು ನ್ಯಾನೋತಂತಿ ಹುಡುಕಲು ತಕ್ಕ ಜಾಗ."

ಎಚ್ಚರಿಕೆ: ಲೋಹದಿಂದ ಪ್ರಯೋಗಾಲಯದಲ್ಲಿ ಮಾಡುವ ಸೂಕ್ಷ್ಮ ಎಳೆಗಳಿಗೂ ಇದೇ ಹೆಸರಿದೆ. ಬ್ಯಾಕ್ಟೀರಿಯಾದ್ದನ್ನು ಹೇಳುವಾಗ 'ಪ್ರೋಟೀನ್ ನ್ಯಾನೋತಂತಿ' ಎಂದು ಬರೆಯುವುದೇ ಸರಿ.